ರೂಬಿ ಯಾರ ಕಡೆ? ಫ್ಯಾಂಟಸಿ ಧಾರಾವಾಹಿಯಲ್ಲಿ ಸಹಾಯಕ್ಕೆ ಬಂದವರ ಒಳಉದ್ದೇಶ ಪತ್ತೆ ಮಾಡುವುದು ಹೇಗೆ

ಫ್ಯಾಂಟಸಿ ಧಾರಾವಾಹಿಗಳಲ್ಲಿ ಒಂದಲ್ಲ ಒಂದು ಹೊತ್ತಿಗೆ ನಾಯಕನ ಪಕ್ಕಕ್ಕೆ ಮನುಷ್ಯರಲ್ಲದ ಯಾರೋ ಬಂದು ನಿಲ್ಲುತ್ತಾರೆ. ದೆವ್ವವೋ, ದೇವದೂತನೋ, ಡ್ರ್ಯಾಗನ್ನೋ. ಜೀವ ಉಳಿಸುತ್ತಾರೆ, ದಾರಿ ತೋರಿಸುತ್ತಾರೆ. ಇವರಿಗೆ ಇದರಿಂದ ಏನು ಸಿಗುತ್ತದೆ ಎಂಬ ಅನುಮಾನ ನೋಡುವ ಎಲ್ಲರಿಗೂ ಬರುತ್ತದೆ. ಆ ಅನುಮಾನವನ್ನು ಹಿಡಿದುಕೊಂಡು ಮುಂದೆ ಹೋಗುವಲ್ಲಿ ಹೆಚ್ಚಿನವರು ಎಡವುತ್ತಾರೆ.

ಎಡವುವ ಜಾಗಗಳು ಮೂರೇ ಮೂರು. "ದೆವ್ವ ಅಲ್ವಾ, ನಂಬಬಾರದು" ಎಂದು ಶುರುವಿನಲ್ಲೇ ತೀರ್ಪು ಕೊಡುವುದು ಒಂದು. "ಅಷ್ಟು ಸಲ ಜೀವ ಉಳಿಸಿದಳಲ್ಲ" ಎಂದು ಪೂರ್ತಿ ನಂಬುವುದು ಇನ್ನೊಂದು. ಗುಟ್ಟು ರಟ್ಟಾದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಅನ್ನುವುದು ಮೂರನೆಯದು. ಮೂರರಲ್ಲೂ ಕಥೆ ಕೊಟ್ಟ ಸುಳಿವುಗಳನ್ನು ಯಾರೂ ಓದಿರುವುದಿಲ್ಲ. ನನಗೆ ಬೇಸರ ಆಗುವುದು ಅಲ್ಲೇ. ಒಳ್ಳೆಯ ಧಾರಾವಾಹಿ ಸುಳಿವನ್ನು ಕಣ್ಣೆದುರೇ ಇಟ್ಟಿರುತ್ತದೆ.

ಈ ಮಾರ್ಗದರ್ಶಿಗೆ ನಾನು ಆರಿಸಿಕೊಂಡಿದ್ದು ಅಮೆರಿಕದ 'ಸೂಪರ್‌ನ್ಯಾಚುರಲ್' ಧಾರಾವಾಹಿಯ ರೂಬಿ ಎಂಬ ದೆವ್ವವನ್ನು. ಸೀಸನ್ 3 ಮತ್ತು 4ರ ಗುಟ್ಟುಗಳೆಲ್ಲ ಮುಂದೆ ಬರುತ್ತವೆ, ಕೊನೆಯ ಹಂತಗಳಲ್ಲಿ ಸೀಸನ್ 5 ಮತ್ತು 6ರ ಕೆಲವು ವಿಷಯಗಳೂ ಇವೆ. ಇನ್ನೂ ನೋಡಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ನೋಡಿಕೊಂಡು ಬನ್ನಿ. ಗೊತ್ತಾಗದೆ ನೋಡುವ ಮೊದಲ ಸಲ ಮತ್ತೆ ಸಿಗುವುದಿಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್ ಮತ್ತು ಪೆನ್ನು. ಫೋನಿನಲ್ಲಿ ಬರೆದುಕೊಂಡರೂ ಆಗುತ್ತದೆ. ಆದರೆ ನೋಡುವಾಗ ಫೋನ್ ಕೈಯಲ್ಲಿದ್ದರೆ ಗಮನ ಬೇರೆ ಕಡೆ ಹೋಗುತ್ತದೆ, ಅದಕ್ಕೆ ಕಾಗದವೇ ವಾಸಿ.

ಸಬ್‌ಟೈಟಲ್ ಹಾಕಿಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಂದರೂ ಹಾಕಿಕೊಳ್ಳಿ. ಒಳಉದ್ದೇಶದ ಸುಳಿವು ಒಂದೇ ಒಂದು ಪದದಲ್ಲಿ ಅಡಗಿರುತ್ತದೆ, ಹಿನ್ನೆಲೆ ಸಂಗೀತದಲ್ಲಿ ಅದು ಕಿವಿಗೆ ಬೀಳುವುದಿಲ್ಲ.

ಸೀಸನ್ 3ರಲ್ಲಿ 16 ಕಂತುಗಳಿವೆ, ಸೀಸನ್ 4ರಲ್ಲಿ 22. ರೂಬಿ ಎಲ್ಲದರಲ್ಲೂ ಬರುವುದಿಲ್ಲ. ಅವಳು ಇಲ್ಲದ ಕಂತುಗಳನ್ನೂ ಬಿಡಬೇಡಿ, ದೊಡ್ಡ ಸುಳಿವುಗಳಲ್ಲಿ ಒಂದು ಇರುವುದು ಬೇರೆಯವಳ ಬಾಯಲ್ಲಿ.

ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿ: ಏನು ಸಹಾಯ ಮಾಡಿದಳು, ಅದು ಯಾರ ಯೋಚನೆ, ಬೆಲೆ ತೆತ್ತವರು ಯಾರು, ಅದರಿಂದ ಯಾರ ಕೆಲಸ ಮುಂದೆ ಹೋಯಿತು, ಹೇಳದೆ ಬಿಟ್ಟಿದ್ದು ಏನು. ಐದನೆಯದು ಬಹಳ ದಿನ ಖಾಲಿ ಇರುತ್ತದೆ. ಖಾಲಿ ಇದ್ದರೂ ಗೆರೆ ಎಳೆದಿಡಿ.

## ಹಂತ 1: ಪ್ರಶ್ನೆಯನ್ನು ಸರಿ ಮಾಡಿಕೊಳ್ಳಿ

"ರೂಬಿ ಒಳ್ಳೆಯವಳಾ, ಕೆಟ್ಟವಳಾ?" ಈ ಪ್ರಶ್ನೆಯನ್ನು ಬಿಟ್ಟುಬಿಡಿ. ಇದಕ್ಕೆ ಉತ್ತರ ಹುಡುಕಲು ಹೋದರೆ ಪ್ರತಿ ಕಂತಿಗೂ ಅಭಿಪ್ರಾಯ ಬದಲಾಗುತ್ತದೆ. ಒಂದು ವಾರ ದೆವ್ವಗಳನ್ನು ಬೇಟೆಯಾಡುವ ಅಣ್ಣತಮ್ಮಂದಿರಲ್ಲಿ ತಮ್ಮನಾದ ಸ್ಯಾಮ್‌ನನ್ನು ಕಾಪಾಡುತ್ತಾಳೆ, ಒಳ್ಳೆಯವಳು. ಇನ್ನೊಂದು ವಾರ ಅಮಾಯಕ ಹುಡುಗಿಯನ್ನು ಬಲಿ ಕೊಡೋಣ ಅನ್ನುತ್ತಾಳೆ, ಕೆಟ್ಟವಳು. ಹೀಗೆ ತೂಗಾಡುತ್ತಾ 38 ಕಂತು ಮುಗಿದರೂ ಕೈಗೆ ಏನೂ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಇಷ್ಟೇ: "ಅವಳಿಗೆ ಏನು ಬೇಕು?"

ಇದನ್ನು ಕೇಳಿದ ಕೂಡಲೇ ನೋಡುವ ರೀತಿ ಬದಲಾಗುತ್ತದೆ. ಒಳ್ಳೆಯ ಕೆಲಸವೂ ಒಂದು ಬಯಕೆಯ ಕಡೆ ಹೋಗಬಹುದು, ಕೆಟ್ಟ ಕೆಲಸವೂ ಅದೇ ಬಯಕೆಯ ಕಡೆ ಹೋಗಬಹುದು. ಅವಳ ಸಹಾಯಗಳನ್ನೆಲ್ಲ ಒಂದೇ ದಾರಿಯ ಹೆಜ್ಜೆಗಳು ಎಂದು ನೋಡಲು ಆಗ ಸಾಧ್ಯ. ಆ ದಾರಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬಹುದು.

## ಹಂತ 2: ಬಂದ ಹೊತ್ತನ್ನು ಗುರುತು ಹಾಕಿಕೊಳ್ಳಿ

ಸೀಸನ್ 2ರ ಕೊನೆಯಲ್ಲಿ ಸತ್ತ ತಮ್ಮ ಸ್ಯಾಮ್‌ನನ್ನು ಬದುಕಿಸಲು ಅಣ್ಣ ಡೀನ್ ತನ್ನ ಆತ್ಮವನ್ನೇ ದೆವ್ವಕ್ಕೆ ಮಾರುತ್ತಾನೆ. ಅವನಿಗೆ ಉಳಿಯುವುದು ಒಂದು ವರ್ಷ. ರೂಬಿ ಮೊದಲು ಕಾಣಿಸುವುದು ಇದಾದ ಮೇಲೆ, ಸೀಸನ್ 3ರ ಮೊದಲ ಕಂತಿನಲ್ಲಿ. ಎರಡನೇ ಕಂತಿನಲ್ಲಿ ತಾನು ದೆವ್ವ ಎಂದು ಸ್ಯಾಮ್‌ಗೆ ತೋರಿಸಿಕೊಡುತ್ತಾಳೆ, ಜೊತೆಗೆ ನಿನ್ನ ಅಣ್ಣನನ್ನು ಉಳಿಸಲು ನನ್ನಿಂದ ಆಗುತ್ತದೆ ಎನ್ನುತ್ತಾಳೆ.

ಸ್ಯಾಮ್‌ಗೆ ಜಗತ್ತಿನಲ್ಲಿ ಬೇಕಾಗಿದ್ದು ಅದೊಂದೇ. ಅದನ್ನೇ ಹಿಡಿದುಕೊಂಡು ಬಂದಳು.

ಸೀಸನ್ 3ರ ಕೊನೆಗೆ ಡೀನ್ ಸತ್ತು ನರಕಕ್ಕೆ ಹೋಗುತ್ತಾನೆ. ಸ್ಯಾಮ್ ಒಂಟಿಯಾಗುತ್ತಾನೆ, ಕುಡಿಯುತ್ತಾನೆ, ಸೇಡಿಗಾಗಿ ಸಾಯಲೂ ಸಿದ್ಧನಾಗಿರುತ್ತಾನೆ. ರೂಬಿ ಮತ್ತೆ ಬರುವುದು ಆಗಲೇ. ಸೀಸನ್ 4ರ 9ನೇ ಕಂತಿನ ಹಿಂದಿನ ಕಥೆಯಲ್ಲಿ ಇದೆಲ್ಲ ವಿವರವಾಗಿ ಬರುತ್ತದೆ.

ಕಷ್ಟ ಬಂದಾಗ ಬರುವುದೇ ಸ್ನೇಹಿತರ ಲಕ್ಷಣ ಎಂದು ನೀವು ಹೇಳಬಹುದು. ಹೌದು. ಅದಕ್ಕೇ ಇದೊಂದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ಬಂದ ಹೊತ್ತು ಮತ್ತು ತಂದ ಆಸೆ, ಎರಡನ್ನೂ ಬರೆದಿಡಿ, ಅಷ್ಟೇ.

## ಹಂತ 3: ಸಹಾಯದ ಲೆಕ್ಕ ಇಡಿ

ಈಗ ಕಾಲಂ ತುಂಬುವ ಕೆಲಸ. ಪ್ರತಿ ಸಹಾಯಕ್ಕೂ ಒಂದು ಸಾಲು. ಕೆಲವನ್ನು ಮಾದರಿಗೆ ಬರೆದು ತೋರಿಸುತ್ತೇನೆ.

ಸೀಸನ್ 3, ಕಂತು 1. ದೆವ್ವಗಳ ಕೈಗೆ ಸಿಕ್ಕಿಬಿದ್ದ ಸ್ಯಾಮ್‌ನನ್ನು ದೆವ್ವ ಕೊಲ್ಲುವ ಚಾಕು ಹಿಡಿದು ಬಂದು ಬಿಡಿಸುತ್ತಾಳೆ. ಯೋಚನೆ ಅವಳದ್ದು. ಬೆಲೆ ತೆತ್ತಿದ್ದು ಬೇರೆ ದೆವ್ವಗಳು. ಮುಂದೆ ಹೋಗಿದ್ದು: ಸ್ಯಾಮ್ ಬದುಕಿದ.

ಸೀಸನ್ 3, ಕಂತು 4. ದೆವ್ವಗಳನ್ನು ಕೊಲ್ಲಬಲ್ಲ ಕೋಲ್ಟ್ ಪಿಸ್ತೂಲನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡಲು ಅಣ್ಣತಮ್ಮಂದಿರ ಹಿರಿಯ ಗೆಳೆಯ ಬಾಬಿಗೆ ನೆರವಾಗುತ್ತಾಳೆ. ಬೆಲೆ ಏನೂ ಇಲ್ಲ. ಮುಂದೆ ಹೋಗಿದ್ದು: ಅಣ್ಣತಮ್ಮಂದಿರ ಕೈಗೆ ಆಯುಧ ಬಂತು, ಅವಳ ಮೇಲೆ ನಂಬಿಕೆಯೂ ಬಂತು.

ಸೀಸನ್ 3, ಕಂತು 12. ಪೊಲೀಸ್ ಠಾಣೆಯ ಸುತ್ತ ದೆವ್ವಗಳು ಮುತ್ತಿಕೊಂಡಿವೆ. ಸುತ್ತ ಒಂದು ಮೈಲಿ ದೂರದೊಳಗಿನ ದೆವ್ವಗಳನ್ನೆಲ್ಲ ಸುಟ್ಟುಹಾಕುವ ಮಂತ್ರ ತನಗೆ ಗೊತ್ತು, ಅದಕ್ಕೆ ಒಬ್ಬ ಕನ್ಯೆಯ ಬಲಿ ಬೇಕು ಅನ್ನುತ್ತಾಳೆ. ಡೀನ್ ಒಪ್ಪುವುದಿಲ್ಲ. ಹೊಡೆದಾಡಿ ಗೆಲ್ಲುತ್ತಾರೆ. ಅವರು ಹೊರಟ ಮೇಲೆ ದೆವ್ವಗಳ ನಾಯಕಿ ಲಿಲಿತ್ ಬಂದು ಠಾಣೆಯಲ್ಲಿದ್ದವರನ್ನೆಲ್ಲ ಕೊಲ್ಲುತ್ತಾಳೆ. ತನ್ನ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ರೂಬಿ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಬೆಲೆ: ಒಪ್ಪಿದ್ದರೆ ಒಂದು ಜೀವ. ಮುಂದೆ ಹೋಗಿದ್ದು: ಗೆಲ್ಲಬೇಕಾದರೆ ಮಾಡಬಾರದ್ದನ್ನೂ ಮಾಡಬೇಕು ಎಂಬ ಪಾಠ ಸ್ಯಾಮ್‌ನ ತಲೆಗೆ ಇಳಿಯಿತು.

ಸೀಸನ್ 4ಕ್ಕೆ ಮೊದಲಿನ ತಿಂಗಳುಗಳು. ಮನಸ್ಸಿನ ಬಲದಿಂದಲೇ ದೆವ್ವಗಳನ್ನು ಓಡಿಸುವುದನ್ನು ಸ್ಯಾಮ್‌ಗೆ ಕಲಿಸುತ್ತಾಳೆ. ಲಿಲಿತ್‌ನ ಮೇಲೆ ತಯಾರಿಯಿಲ್ಲದೆ ನುಗ್ಗಿದ ಅವನನ್ನು ಬಲೆಯಿಂದ ತಪ್ಪಿಸುತ್ತಾಳೆ. ಬೆಲೆ ತೆರುತ್ತಿರುವುದು ಈಗ ಸ್ಯಾಮ್‌ನ ಮೈ. ಮುಂದೆ ಹೋಗಿದ್ದು: ಅವನ ಶಕ್ತಿ.

ಹತ್ತು ಹನ್ನೆರಡು ಸಾಲು ಆದ ಮೇಲೆ ನಾಲ್ಕನೇ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ. ನನಗೆ ಮೈ ಜುಮ್ಮೆಂದ ಕ್ಷಣ ಅದು. ಡೀನ್‌ನನ್ನು ಉಳಿಸುವ ಕಡೆ ಒಂದೇ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಆಸೆ ಹುಟ್ಟಿಸಿ ಬಂದಿದ್ದು ಅದಕ್ಕೆ. ಮುಂದೆ ಹೋಗಿದ್ದೆಲ್ಲ ಒಂದೇ ಕಡೆ: ಸ್ಯಾಮ್ ಬದುಕಿರಬೇಕು, ಸ್ಯಾಮ್ ಬಲವಾಗಬೇಕು, ಸ್ಯಾಮ್ ಲಿಲಿತ್ ಎದುರು ನಿಲ್ಲಬೇಕು.

ಎಚ್ಚರಿಕೆಯ ಗುರುತು: ಕೊಟ್ಟ ಮಾತು ಒಂದು ದಿಕ್ಕಿಗೆ, ನಡೆದ ಕೆಲಸ ಇನ್ನೊಂದು ದಿಕ್ಕಿಗೆ. ಸೀಸನ್ 3ರ 9ನೇ ಕಂತಿನಲ್ಲಿ ರೂಬಿ ಇದನ್ನು ಡೀನ್ ಎದುರು ತಾನೇ ಒಪ್ಪಿಕೊಳ್ಳುತ್ತಾಳೆ. ನಿನ್ನನ್ನು ಉಳಿಸುವ ದಾರಿ ನನಗೆ ಗೊತ್ತಿಲ್ಲ, ನೀನಿಲ್ಲದೆ ಹೋರಾಡಲು ಸ್ಯಾಮ್‌ನನ್ನು ತಯಾರು ಮಾಡಬೇಕು ಎನ್ನುತ್ತಾಳೆ. ಅದೇ ದೃಶ್ಯದಲ್ಲಿ ತಾನೂ ಒಂದು ಕಾಲಕ್ಕೆ ಮನುಷ್ಯಳಾಗಿದ್ದೆ, ಆ ಬದುಕು ಇನ್ನೂ ನೆನಪಿದೆ ಎಂದೂ ಹೇಳುತ್ತಾಳೆ. ಎರಡನೇ ಮಾತಿಗೆ ಮನಸ್ಸು ಕರಗಿ ಮೊದಲ ಮಾತನ್ನು ನಾವು ಮರೆತುಬಿಡುತ್ತೇವೆ. ಮರೆಯಬೇಡಿ, ಬರೆದಿಡಿ.

## ಹಂತ 4: ಸುಳ್ಳನ್ನು ಹುಡುಕಬೇಡಿ, ಬಿಟ್ಟ ಮಾತನ್ನು ಹುಡುಕಿ

ಈ ಮಾರ್ಗದರ್ಶಿಯ ಹೆಚ್ಚಿನ ತೂಕ ಈ ಹಂತದಲ್ಲಿದೆ. ಇಲ್ಲಿ ನಿಧಾನ ಮಾಡಿ.

ಅನುಮಾನ ಬಂದ ಕೂಡಲೇ ನಾವು ಸುಳ್ಳು ಹಿಡಿಯಲು ಹೊರಡುತ್ತೇವೆ. ರೂಬಿ ವಿಷಯದಲ್ಲಿ ಆ ದಾರಿ ಹೆಚ್ಚು ದೂರ ಹೋಗುವುದಿಲ್ಲ. ಯಾಕೆಂದರೆ ಅವಳು ಹೇಳಿದ್ದರಲ್ಲಿ ಬಹುಪಾಲು ನಿಜ. ದೆವ್ವಗಳೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದರು ಎಂಬುದು ನಿಜ. ಲಿಲಿತ್ ಅಪಾಯ ಎಂಬುದು ನಿಜ. ಸ್ಯಾಮ್‌ನಲ್ಲಿ ಶಕ್ತಿಯಿದೆ ಎಂಬುದು ನಿಜ. ಲಿಲಿತ್‌ನನ್ನು ಅವನು ಕೊಲ್ಲಬಲ್ಲ ಎಂಬುದೂ ನಿಜವಾಯಿತು. ಇಷ್ಟು ನಿಜ ಹೇಳುವವಳ ಮಾತಿನಲ್ಲಿ ಸುಳ್ಳು ಹುಡುಕಿ ಸುಸ್ತಾದವರು ಕೊನೆಗೆ ಅವಳನ್ನು ನಂಬುತ್ತಾರೆ. ಸ್ಯಾಮ್‌ಗೆ ಆಗಿದ್ದೂ ಅದೇ.

ಹಾಗಾದರೆ ಬಿಟ್ಟ ಮಾತನ್ನು ಹುಡುಕುವುದು ಹೇಗೆ? ಸಹಾಯಕ್ಕೆ ಬಂದವರು ತೋರಿಸುವ ಗುರಿಯನ್ನು ತೆಗೆದುಕೊಳ್ಳಿ. ಅದು ಈಡೇರಿತು ಎಂದು ಇಟ್ಟುಕೊಳ್ಳಿ. ಆಮೇಲೆ ಕೇಳಿ: ಅದರ ಮಾರನೇ ದಿನ ಏನಾಗುತ್ತದೆ?

ರೂಬಿ ಸೀಸನ್ 4ರ ಉದ್ದಕ್ಕೂ ತೋರಿಸುವ ಗುರಿ ಲಿಲಿತ್‌ನ ಸಾವು. ಲಿಲಿತ್ ಸತ್ತರೆ ಆಮೇಲೆ ಏನು? ಸ್ಯಾಮ್ ಈ ಪ್ರಶ್ನೆಯನ್ನು ಒಂದು ಸಲವೂ ಗಟ್ಟಿಯಾಗಿ ಕೇಳುವುದಿಲ್ಲ. ಸತ್ತರೆ ಎಲ್ಲ ನಿಂತುಹೋಗುತ್ತದೆ ಎಂದು ಅಂದುಕೊಂಡಿದ್ದಾನೆ. ಹಾಗೆ ಅಂದುಕೊಳ್ಳಲು ರೂಬಿ ಬಿಟ್ಟಿದ್ದಾಳೆ.

ಈಗ ಬೇರೆ ಕಂತುಗಳಲ್ಲಿ ಸಿಕ್ಕಿದ್ದನ್ನು ಇದರ ಪಕ್ಕ ಇಡಿ. ಸೀಸನ್ 4ರ 2ನೇ ಕಂತಿನಲ್ಲಿ ದೇವದೂತ ಕ್ಯಾಸ್ಟಿಯಲ್ ಹೇಳುತ್ತಾನೆ: ಬೀಗದಂತಿರುವ 66 ಮುದ್ರೆಗಳು ಒಡೆದರೆ ಸೆರೆಯಲ್ಲಿರುವ ಸೈತಾನ ಲೂಸಿಫರ್ ಬಿಡುಗಡೆಯಾಗುತ್ತಾನೆ, ಲಿಲಿತ್ ಅವನ್ನು ಒಡೆಯುತ್ತಿದ್ದಾಳೆ. 16ನೇ ಕಂತಿನಲ್ಲಿ ಮೊದಲ ಮುದ್ರೆ ಯಾವುದು ಎಂದು ಗೊತ್ತಾಗುತ್ತದೆ. ಅದು ಒಂದು ವಸ್ತುವೋ ಜಾಗವೋ ಆಗಿರಲಿಲ್ಲ. ನರಕದಲ್ಲಿ ಒಬ್ಬ ಸಜ್ಜನ ರಕ್ತ ಹರಿಸುವುದು, ಅಂದರೆ ಡೀನ್ ಮಾಡಿದ ಒಂದು ಕೆಲಸ. ಮುದ್ರೆ ಅಂದರೆ ಒಬ್ಬ ವ್ಯಕ್ತಿಯ ಕೈಯಿಂದ ಆಗುವ ಒಂದು ಘಟನೆಯೂ ಆಗಬಹುದು ಎಂದು ಇಲ್ಲೇ ತಿಳಿಯುತ್ತದೆ.

18ನೇ ಕಂತಿಗೆ ಬನ್ನಿ. ಲಿಲಿತ್ ಸ್ಯಾಮ್ ಜೊತೆ ರಾಜಿ ಮಾಡಿಕೊಳ್ಳಲು ನೋಡುತ್ತಾಳೆ. ಕಾರಣ ಕೇಳಿದರೆ, ಪ್ರಳಯದ (ಲೂಸಿಫರ್ ಬಿಡುಗಡೆಯಿಂದ ಬರುವ ಲೋಕನಾಶದ) ಅಸಲಿ ಭಾಗ ಶುರುವಾಗುವ ಮೊದಲೇ ತಾನು ಸಾಯುತ್ತೇನೆಂದು ತಿಳಿಯಿತು ಎಂಬರ್ಥದಲ್ಲಿ ಹೇಳುತ್ತಾಳೆ. ಇಲ್ಲಿ ಪಾಸ್ ಒತ್ತಿ. ಅವಳು ಸತ್ತರೆ ಪ್ರಳಯ ನಿಲ್ಲುತ್ತದೆ ಎಂದು ಹೇಳಲಿಲ್ಲ. ಅವಳ ಸಾವು ಮೊದಲು, ಪ್ರಳಯ ಆಮೇಲೆ. ಹಾಗಾದರೆ ಲಿಲಿತ್ ಸಾವಿಗೂ ಪ್ರಳಯಕ್ಕೂ ಏನು ಸಂಬಂಧ?

22ನೇ ಕಂತು ಪ್ರಸಾರವಾಗಿದ್ದು 2009ರ ಮೇ 14ರಂದು. ಅದರಲ್ಲಿ ಸ್ಯಾಮ್ ಮೇರಿಲ್ಯಾಂಡಿನ ಒಂದು ಹಳೆಯ ಕಾನ್ವೆಂಟಿನಲ್ಲಿ ಲಿಲಿತ್‌ನನ್ನು ಕೊಲ್ಲುತ್ತಾನೆ. ಅವಳ ಸಾವೇ ಕೊನೆಯ ಮುದ್ರೆ. ರೂಬಿಯ ಮುಖದಲ್ಲಿ ಆಗ ಬರುವ ಸಂತೋಷ ಇಷ್ಟು ದಿನ ಕಾದು ಕೂತವಳ ಸಂತೋಷ.

ಐದನೇ ಕಾಲಂನಲ್ಲಿ ಬರೆಯಬೇಕಾಗಿದ್ದು ಒಂದೇ ಸಾಲು: "ಲಿಲಿತ್ ಸತ್ತರೆ ಲೂಸಿಫರ್ ಹೊರಗೆ ಬರುತ್ತಾನೆ ಎಂದು ಹೇಳಲಿಲ್ಲ." ಎರಡು ಸೀಸನ್‌ನ ಸಹಾಯಕ್ಕೆಲ್ಲ ಅರ್ಥ ಕೊಡುವುದು ಆ ಒಂದು ಸಾಲು.

ಗುಟ್ಟು ಗೊತ್ತಾಗುವ ಮೊದಲೇ 2, 16, 18ನೇ ಕಂತುಗಳನ್ನು ಜೋಡಿಸಿದವರಿಗೆ ಪೂರ್ತಿ ಉತ್ತರ ಸಿಗದಿರಬಹುದು. ಆದರೆ ಸರಿಯಾದ ಪ್ರಶ್ನೆಯಂತೂ ಸಿಗುತ್ತಿತ್ತು. ನಮಗೆ ಬೇಕಾಗಿದ್ದು ಅಷ್ಟೇ.

## ಹಂತ 5: ಯಾರು ದೂರವಾಗುತ್ತಿದ್ದಾರೆ ನೋಡಿ

ಸಹಾಯಕ್ಕೆ ಬಂದವರು ನಾಯಕನ ಹತ್ತಿರ ಬಂದ ಹಾಗೆಲ್ಲ ಬೇರೆ ಯಾರು ದೂರ ಹೋಗುತ್ತಿದ್ದಾರೆ? ಹಾಳೆಯ ಮೂಲೆಯಲ್ಲಿ ಹೆಸರು ಬರೆಯಿರಿ.

ಸೀಸನ್ 4ರ ಶುರುವಿನಲ್ಲಿ ಡೀನ್ ನರಕದಿಂದ ವಾಪಸ್ ಬಂದಾಗ ರೂಬಿ ಹೊಸ ಮೈಯಲ್ಲಿ (ಇಲ್ಲಿ ದೆವ್ವಗಳು ಮನುಷ್ಯರ ಮೈ ಹೊಕ್ಕು ಓಡಾಡುತ್ತವೆ) ಸ್ಯಾಮ್ ಜೊತೆಯಲ್ಲೇ ಇರುತ್ತಾಳೆ. ಅವಳು ಯಾರೆಂದು ಅಣ್ಣನಿಗೆ ಹೇಳುವುದಿಲ್ಲ. 4ನೇ ಕಂತಿಗೆ ಡೀನ್ ಕಣ್ಣಾರೆ ನೋಡುವ ತನಕ ಎಲ್ಲವೂ ಕದ್ದುಮುಚ್ಚಿ. 21ನೇ ಕಂತಿನಲ್ಲಿ ಡೀನ್ ಮತ್ತು ಬಾಬಿ ಸ್ಯಾಮ್‌ನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಅವನು ತಪ್ಪಿಸಿಕೊಳ್ಳುತ್ತಾನೆ, ಅಣ್ಣತಮ್ಮ ಹೊಡೆದಾಡಿಕೊಳ್ಳುತ್ತಾರೆ. ಈ ಬಾಗಿಲು ದಾಟಿದರೆ ಮತ್ತೆ ಬರಬೇಡ ಎನ್ನುತ್ತಾನೆ ಡೀನ್. ಕೊನೆಯ ಕಂತಿನ ಹೊತ್ತಿಗೆ ಸ್ಯಾಮ್‌ನ ಪಕ್ಕ ರೂಬಿ ಬಿಟ್ಟರೆ ಯಾರೂ ಇಲ್ಲ.

ಎಚ್ಚರಿಕೆಯ ಗುರುತು: "ಅವರಿಗೆ ಅರ್ಥವಾಗುವುದಿಲ್ಲ, ಸದ್ಯಕ್ಕೆ ಹೇಳುವುದು ಬೇಡ" ಎಂಬ ಧಾಟಿಯ ಮಾತು. ಹೇಳಿದವರು ಯಾರೇ ಇರಲಿ, ಆ ದೃಶ್ಯಕ್ಕೆ ಗುರುತು ಹಾಕಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ನಡೆದ ಕೆಟ್ಟದ್ದನ್ನೆಲ್ಲ ರೂಬಿಯ ತಲೆಗೆ ಕಟ್ಟುತ್ತಾರೆ. ಕೂಡಿಹಾಕಿದ ಕೋಣೆಯ ಬಾಗಿಲು ತೆಗೆದದ್ದು ಕ್ಯಾಸ್ಟಿಯಲ್, ಅವನಿಗೆ ಮೇಲಿನಿಂದ ಆಜ್ಞೆಯಿತ್ತು. ಕೊನೆಯ ಕಂತಿನಲ್ಲಿ ಡೀನ್ ತಮ್ಮನ ಹತ್ತಿರ ಕ್ಷಮೆ ಕೇಳಿ ಸಂದೇಶ ಬಿಡುತ್ತಾನೆ, ಸ್ಯಾಮ್ ಕಿವಿಗೆ ಬೀಳುವುದು ಬೈಗುಳದ ಬೇರೆಯದೇ ಸಂದೇಶ. ಅದನ್ನು ಬದಲಿಸಿದ್ದು ರೂಬಿ ಎಂದು ಎಲ್ಲೂ ತೋರಿಸಿಲ್ಲ. ದೇವದೂತರ ನಾಯಕರಿಗೂ ಆ ಪ್ರಳಯ ಬೇಕಾಗಿತ್ತು ಎಂದು ಅದೇ ಕಂತಿನಲ್ಲಿ ಜಕರಾಯ ಎಂಬ ದೇವದೂತ ಡೀನ್‌ಗೆ ಹೇಳುತ್ತಾನೆ. ಸ್ವರ್ಗ ನರಕ ಎರಡೂ ಕಡೆಯವರು ಒಂದೇ ಬಾಗಿಲಿಗೆ ಸ್ಯಾಮ್‌ನನ್ನು ದೂಡುತ್ತಿದ್ದರು. ರೂಬಿ ಮಾಡಿದ್ದನ್ನು ಮಾತ್ರ ರೂಬಿಯ ಲೆಕ್ಕಕ್ಕೆ ಬರೆಯಿರಿ.

## ಹಂತ 6: ಬೆಲೆ ಏರುತ್ತಿದೆಯಾ?

ಮೂರನೇ ಕಾಲಂ ಮೇಲಿನಿಂದ ಕೆಳಗೆ ಓದಿ. ಸೀಸನ್ 3ರಲ್ಲಿ ಸ್ಯಾಮ್‌ನಿಂದ ಕೇಳಿದ್ದು ನಂಬಿಕೆ ಮಾತ್ರ. ಆಮೇಲೆ ಗುಟ್ಟು ಇಟ್ಟುಕೊಳ್ಳುವುದು. ಆಮೇಲೆ ಶಕ್ತಿ ಬಳಸುವುದು. ಸೀಸನ್ 4ರ 16ನೇ ಕಂತಿನಲ್ಲಿ ಅವನು ಅವಳ ರಕ್ತ ಕುಡಿಯುವುದನ್ನು ನಮಗೆ ತೋರಿಸುತ್ತಾರೆ. ಕೊನೆಗೆ ಒಬ್ಬ ನರ್ಸ್‌ನ ಮೈಯಲ್ಲಿ ದೆವ್ವ ಹೊಕ್ಕಿದೆ, ಆ ರಕ್ತ ಬೇಕೆಂದರೆ ನರ್ಸ್ ಸಾಯಬೇಕು. ಸ್ಯಾಮ್ ಹಿಂಜರಿಯುತ್ತಾನೆ, ರೂಬಿ ಒತ್ತಾಯಿಸುತ್ತಾಳೆ.

ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಎತ್ತರ. ಒಂದೊಂದನ್ನೇ ನೋಡಿದರೆ ಒಪ್ಪಿಗೆಯಾಗುತ್ತದೆ. ಅದಕ್ಕೇ ಕಾಲಂ ಬೇಕು. ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಪಕ್ಕಪಕ್ಕ ಇಟ್ಟು ಓದಿ, ಮೊದಲ ದಿನವೇ ಇದನ್ನು ಕೇಳಿದ್ದರೆ ಸ್ಯಾಮ್ ಒಪ್ಪುತ್ತಿದ್ದನಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನೊಂದು ಮಾತು. ರಕ್ತದಿಂದಲೇ ಶಕ್ತಿ ಎಂದು ಸ್ಯಾಮ್‌ನನ್ನು ನಂಬಿಸಿದ್ದಳು. ಕೊನೆಗೆ ತಾನೇ ಹೇಳುತ್ತಾಳೆ, ಅದು ರಕ್ತದ್ದಲ್ಲ, ಮೊದಲಿನಿಂದಲೂ ನಿನ್ನದೇ ಶಕ್ತಿ ಎಂದು. ಸಹಾಯಕ್ಕೆ ಬಂದವರು ತಮ್ಮನ್ನು ಬಿಟ್ಟರೆ ಆಗುವುದೇ ಇಲ್ಲ ಎಂಬ ಭಾವನೆ ಹುಟ್ಟಿಸುತ್ತಿದ್ದರೆ ಅದನ್ನೂ ಬರೆದಿಡಿ.

## ಹಂತ 7: ಅವಳ ಪರವಾಗಿ ವಾದ ಮಾಡಿ

ಹೆಚ್ಚಿನವರು ಈ ಹಂತವನ್ನು ಹಾರಿಸುತ್ತಾರೆ. ಹಾರಿಸಿದರೆ ನಿಮ್ಮ ತೀರ್ಮಾನಕ್ಕೆ ಬೆಲೆಯಿಲ್ಲ. ರೂಬಿಯನ್ನು ನಂಬಲು ಕಥೆ ಕೊಡುವ ಅತಿ ಬಲವಾದ ಕಾರಣಗಳನ್ನು ಹುಡುಕಿ, ಪ್ರಾಮಾಣಿಕವಾಗಿ ಬರೆಯಿರಿ.

ನನಗೆ ಎರಡು ಸಿಕ್ಕವು. ಮೊದಲನೆಯದು, ಸೀಸನ್ 4ರ 10ನೇ ಕಂತಿನಲ್ಲಿ ಅಲಸ್ಟೇರ್ ಎಂಬ ದೊಡ್ಡ ದೆವ್ವ ಅವಳಿಗೆ ಚಿತ್ರಹಿಂಸೆ ಕೊಡುತ್ತಾನೆ. ದೆವ್ವಗಳೇ ಅವಳನ್ನು ಹಿಂಸಿಸುತ್ತಿವೆ ಅಂದಮೇಲೆ ಅವಳು ಅವರ ಕಡೆಯವಳು ಹೇಗಾಗುತ್ತಾಳೆ? ಮೊದಲ ಸಲ ನೋಡಿದಾಗ ನಾನು ಅವಳನ್ನು ಪೂರ್ತಿ ನಂಬಿದ್ದು ಇಲ್ಲೇ. ಉತ್ತರ ಕೊನೆಯ ಕಂತಿನಲ್ಲಿದೆ. ತನ್ನ ಕೆಲಸ ಲಿಲಿತ್‌ಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ, ಅಲಸ್ಟೇರ್‌ಗೂ ಗೊತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಅಂದರೆ ನೋವು ನಿಜ, ಹಿಂಸೆ ನಿಜ, ಆದರೂ ಅದು ಅವಳ ನಿಷ್ಠೆ ಎಲ್ಲಿದೆ ಎಂದು ಹೇಳುವುದಿಲ್ಲ. ಶತ್ರುಗಳ ಕೈಯಲ್ಲಿ ಪೆಟ್ಟು ತಿಂದವರೆಲ್ಲ ನಮ್ಮವರಾಗುವುದಿಲ್ಲ.

ಎರಡನೆಯದು, ಆ ಪೊಲೀಸ್ ಠಾಣೆಯ ಮಂತ್ರ. ಅದು ಸುತ್ತ ಒಂದು ಮೈಲಿಯೊಳಗಿನ ದೆವ್ವಗಳನ್ನೆಲ್ಲ ಕೊಲ್ಲುತ್ತದೆ, ತನ್ನನ್ನೂ ಸೇರಿಸಿ ಎಂದು ಅವಳೇ ಹೇಳುತ್ತಾಳೆ. ಲೂಸಿಫರ್‌ನನ್ನು ಬಿಡಿಸಲು ಬದುಕಿರಬೇಕಾದವಳು ಸಾಯಲು ಯಾಕೆ ಸಿದ್ಧಳಾದಳು? ಡೀನ್ ಒಪ್ಪುವುದಿಲ್ಲ ಎಂದು ಲೆಕ್ಕ ಹಾಕಿದ್ದಳಾ? ಸ್ಯಾಮ್ ಉಳಿದರೆ ಸಾಕು, ತಾನು ಹೋದರೂ ಪರವಾಗಿಲ್ಲ ಎಂಬ ನಿಷ್ಠೆಯಾ? ಎರಡಕ್ಕೂ ಕಥೆಯಲ್ಲಿ ಗಟ್ಟಿ ಆಧಾರವಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಈ ಸಾಲಿನ ಮುಂದೆ "ಬಗೆಹರಿದಿಲ್ಲ" ಎಂದೇ ಬರೆದಿದೆ. ನೀವೂ ಹಾಗೇ ಬರೆಯಿರಿ. ತೀರ್ಮಾನಕ್ಕೆ ಹೊಂದದ ಸಾಲನ್ನು ಹೊಡೆದುಹಾಕಬೇಡಿ.

ಹೀಗೆ ಹೊಂದದ ಜಾಗ ಸಿಕ್ಕಾಗ ಇನ್ನೊಂದನ್ನೂ ನೆನಪಿಡಿ. ಧಾರಾವಾಹಿಯನ್ನು ಮನುಷ್ಯರು ವಾರ ವಾರ ಬರೆಯುತ್ತಾರೆ. 2007ರ ನವೆಂಬರಿನಿಂದ 2008ರ ಫೆಬ್ರವರಿ ತನಕ ಅಮೆರಿಕದ ಬರಹಗಾರರ ಮುಷ್ಕರ ನಡೆಯಿತು. ಸೀಸನ್ 3 ಬರೀ 16 ಕಂತಿಗೆ ಮುಗಿದಿದ್ದು ಅದರಿಂದ. ಸೀಸನ್ 3ರಲ್ಲಿ ಕೇಟಿ ಕ್ಯಾಸಿಡಿ ಮಾಡಿದ ಪಾತ್ರವನ್ನು ಸೀಸನ್ 4ರಲ್ಲಿ ಜೆನೆವೀವ್ ಕೋರ್ಟೆಸ್ ಮಾಡಿದರು. ಮಾತಿನ ಧಾಟಿ ಬದಲಾಗಿದ್ದು ಕಂಡರೆ ಅದು ಪಾತ್ರದ ಕಪಟ ಎಂದು ಓಡಬೇಡಿ, ನಟಿ ಬದಲಾಗಿದ್ದಾರೆ ಅಷ್ಟೇ. ಮಾಡಿದ ಕೆಲಸ ಮತ್ತು ಆಡಿದ ಮಾತು, ಇವೆರಡರ ಮೇಲೆ ಮಾತ್ರ ನಿಲ್ಲಿ.

## ಹಂತ 8: ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡಿ

ಒಬ್ಬರನ್ನೇ ನೋಡುತ್ತಿದ್ದರೆ ಅಳತೆಗೋಲು ಸಿಗುವುದಿಲ್ಲ. ಅದೇ ಧಾರಾವಾಹಿಯಲ್ಲಿ ಸಹಾಯಕ್ಕೆ ಬರುವ ಇನ್ನಿಬ್ಬರು ಇದ್ದಾರೆ.

ಕ್ರೌಲಿ ಕೂಡ ದೆವ್ವವೇ. ಸೀಸನ್ 5ರ 10ನೇ ಕಂತಿನಲ್ಲಿ ಕೋಲ್ಟ್ ಪಿಸ್ತೂಲನ್ನು ತಾನಾಗಿಯೇ ಅಣ್ಣತಮ್ಮಂದಿರಿಗೆ ಕೊಡುತ್ತಾನೆ, ಲೂಸಿಫರ್‌ನನ್ನು ಕೊಲ್ಲಿ ಅನ್ನುತ್ತಾನೆ. ಯಾಕೆ ಎಂದರೆ ಉತ್ತರ ಸಿದ್ಧವಿದೆ: ಲೂಸಿಫರ್‌ಗೆ ದೆವ್ವಗಳನ್ನು ಕಂಡರೆ ಆಗುವುದಿಲ್ಲ, ಮನುಷ್ಯರು ಮುಗಿದ ಮೇಲೆ ಸರದಿ ನಮ್ಮದು. ತನ್ನ ಸ್ವಾರ್ಥವನ್ನು ಮೇಜಿನ ಮೇಲೆ ಇಟ್ಟೇ ಮಾತಾಡುತ್ತಾನೆ. ಅವನನ್ನು ಎಷ್ಟು ದೂರ ನಂಬಬಹುದು ಎಂದು ಲೆಕ್ಕ ಹಾಕಬಹುದು: ಇಬ್ಬರ ಶತ್ರು ಒಬ್ಬನೇ ಆಗಿರುವ ತನಕ. ರೂಬಿ ವಿಷಯದಲ್ಲಿ ಆ ಲೆಕ್ಕ ಸಾಧ್ಯವಿರಲಿಲ್ಲ. ನಾನು ನಿಮ್ಮ ಕಡೆ ಎಂದಳೇ ಹೊರತು, ತನಗೆ ಏನು ಬೇಕು ಎಂದು ನಂಬುವಂತೆ ಹೇಳಲಿಲ್ಲ.

ಕ್ಯಾಸ್ಟಿಯಲ್‌ನದು ಹೆಚ್ಚು ನೋವಿನ ಕಥೆ. ಅವನಿಗೆ ಪ್ರೀತಿ ನಿಜವಾಗಿಯೂ ಇದೆ. ಬಾಗಿಲು ತೆಗೆದು ಸ್ಯಾಮ್‌ನನ್ನು ಬಿಟ್ಟವನು, ಮುಂದಿನ ಕಂತಿನಲ್ಲೇ ಸ್ವರ್ಗದ ವಿರುದ್ಧ ನಿಂತು ಡೀನ್‌ಗೆ ದಾರಿ ಮಾಡಿಕೊಡುತ್ತಾನೆ. ಆದರೂ ಸೀಸನ್ 6ರಲ್ಲಿ ಕ್ರೌಲಿ ಜೊತೆ ಗುಟ್ಟಾಗಿ ಕೈ ಜೋಡಿಸುತ್ತಾನೆ. ಅವನು ಸಿಕ್ಕಿಬೀಳುವ ರೀತಿಯನ್ನು ಕಲಿಯಲೆಂದೇ ಆ ಸೀಸನ್‌ನ 20ನೇ ಕಂತು ನೋಡಿ. ಅವನು ಇಲ್ಲದಿದ್ದಾಗ ಗೆಳೆಯರು ಅವನನ್ನು ಸೂಪರ್‌ಮ್ಯಾನ್‌ಗೆ ಹೋಲಿಸಿ, ಕೆಟ್ಟ ದಾರಿ ಹಿಡಿದನಾ ಎಂದು ಮಾತಾಡಿಕೊಂಡಿರುತ್ತಾರೆ. ಆಮೇಲೆ ಬಂದು ಅವರ ಜೀವ ಉಳಿಸಿ, ಮಾತಿನ ನಡುವೆ ಅದೇ ಸೂಪರ್‌ಮ್ಯಾನ್ ಹೋಲಿಕೆ ತೆಗೆಯುತ್ತಾನೆ. ಆ ಕೋಣೆಯಲ್ಲಿ ಅವನಿರಲಿಲ್ಲ. ಕದ್ದು ಕೇಳಿದ್ದಾನೆ ಎಂದು ಡೀನ್‌ಗೆ ಅಲ್ಲೇ ಗೊತ್ತಾಗುತ್ತದೆ.

ಎಚ್ಚರಿಕೆಯ ಗುರುತು: ಗೊತ್ತಿರಬಾರದ ವಿಷಯ ಗೊತ್ತಿರುವುದು. ಅನುಮಾನಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಅಪರೂಪ. ಪ್ರೀತಿ ಇರುವವರ ಬಳಿಯೂ ಗುಟ್ಟಿನ ಉದ್ದೇಶ ಇರಬಹುದು ಎಂಬುದನ್ನು ಒಪ್ಪಿಕೊಳ್ಳಲು ಈ ಕಂತು ಬೇಕು.

## ಹಂತ 9: ತೀರ್ಮಾನ ಬರೆಯಿರಿ

ಐದು ಸಾಲು ಸಾಕು. ಮೊದಲ ಸಾಲಿನಲ್ಲಿ ಪಾತ್ರಕ್ಕೆ ಏನು ಬೇಕು ಎಂದು ಹೇಳಿ. ಮೂರು ಸಾಲಿನಲ್ಲಿ ಮೂರು ದೃಶ್ಯಗಳ ಆಧಾರ ಕೊಡಿ, ಕಂತಿನ ಸಂಖ್ಯೆ ಸಮೇತ. ಕೊನೆಯ ಸಾಲಿನಲ್ಲಿ ನಿಮ್ಮ ತೀರ್ಮಾನಕ್ಕೆ ಹೊಂದದ ದೃಶ್ಯ ಬರೆಯಿರಿ.

ನನ್ನದು ಹೀಗಿದೆ. ರೂಬಿಗೆ ಲಿಲಿತ್‌ನ ಸಾವು ಬೇಕಾಗಿತ್ತು, ಲೂಸಿಫರ್ ಹೊರಗೆ ಬರಲೆಂದು, ಮತ್ತು ಅದು ಸ್ಯಾಮ್ ಕೈಯಿಂದಲೇ ಆಗಬೇಕಿತ್ತು. ಡೀನ್‌ನನ್ನು ಉಳಿಸುವ ಮಾತು ಖಾಲಿ ಎಂದು ಅವಳೇ ಒಪ್ಪಿದಳು (ಸೀಸನ್ 3, ಕಂತು 9). ಡೀನ್ ಸತ್ತ ಮೇಲೆ ಸ್ಯಾಮ್‌ನನ್ನು ಉಳಿಸಿ ಶಕ್ತಿ ಕಲಿಸಿದಳು (ಸೀಸನ್ 4, ಕಂತು 9). ಲಿಲಿತ್ ಸತ್ತಾಗ ಸಂಭ್ರಮಿಸಿದಳು (ಸೀಸನ್ 4, ಕಂತು 22). ಹೊಂದದ್ದು: ಠಾಣೆಯ ಮಂತ್ರ (ಸೀಸನ್ 3, ಕಂತು 12).

ಗುಟ್ಟು ಗೊತ್ತಾದ ಮೇಲೆ ಬರೆಯುತ್ತಿದ್ದರೆ "ಇದು ಮೊದಲೇ ಕಾಣುತ್ತಿತ್ತಾ, ಈಗ ಮಾತ್ರ ಕಾಣುತ್ತಿದೆಯಾ" ಎಂದು ಪ್ರತಿ ದೃಶ್ಯದ ಮುಂದೆ ಗುರುತು ಹಾಕಿ. ಮುಂದಿನ ಧಾರಾವಾಹಿ ನೋಡುವಾಗ ನಿಮಗೆ ಯಾವ ಬಗೆಯ ಸುಳಿವು ತಪ್ಪಿಹೋಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. ನನಗೆ ತಪ್ಪುತ್ತಿದ್ದುದು ಬೇರೆಯವರ ಬಾಯಿಂದ ಬರುವ ಸುಳಿವುಗಳು. ಲಿಲಿತ್‌ನ ಆ ಮಾತನ್ನು ನಾನು ಎರಡನೇ ಸಲ ನೋಡುವಾಗ ಕೇಳಿಸಿಕೊಂಡೆ.

## ಅಭ್ಯಾಸಕ್ಕೆ ಒಂದು

ಬಿಬಿಸಿಯ 'ಮರ್ಲಿನ್' ಧಾರಾವಾಹಿ 2008ರಿಂದ 2012ರವರೆಗೆ ಬಂತು. ಅದರ ಮೊದಲ ಎರಡು ಸೀಸನ್ ತೆಗೆದುಕೊಳ್ಳಿ, ಒಂದೊಂದರಲ್ಲಿ 13 ಕಂತು. ರಾಜ ಊಥರ್ ಬೇರೆ ಡ್ರ್ಯಾಗನ್‌ಗಳನ್ನೆಲ್ಲ ಕೊಲ್ಲಿಸಿ, ಒಂದನ್ನು ಮಾತ್ರ ಅರಮನೆಯ ಕೆಳಗೆ ಸರಪಳಿ ಹಾಕಿ ಇಟ್ಟಿದ್ದಾನೆ. ಮರ್ಲಿನ್ ಕಷ್ಟ ಬಂದಾಗಲೆಲ್ಲ ಮೆಟ್ಟಿಲಿಳಿದು ಅದರ ಹತ್ತಿರ ಸಲಹೆ ಕೇಳುತ್ತಾನೆ. ಸಲಹೆ ಬಹಳ ಸಲ ಕೆಲಸಕ್ಕೂ ಬರುತ್ತದೆ.

ಐದು ಕಾಲಂ ಹಾಕಿಕೊಂಡು ನೋಡಿ. ಸೀಸನ್ 1ರ ಕೊನೆಯ ಕಂತಿನಲ್ಲಿ ಡ್ರ್ಯಾಗನ್ ಕೊಡುವ ಸಲಹೆಯ ಮುಂದೆ "ಬೆಲೆ ತೆತ್ತವರು ಯಾರು" ಎಂಬ ಕಾಲಂ ಖಾಲಿ ಬಿಟ್ಟು, ಕಂತು ಮುಗಿದ ಮೇಲೆ ತುಂಬಿ. ಸೀಸನ್ 2ರ ಮೊದಲ ಕಂತಿನಲ್ಲಿ ಅದು ಮರ್ಲಿನ್‌ನಿಂದ ಒಂದು ಮಾತು ತೆಗೆದುಕೊಳ್ಳುತ್ತದೆ. ಅಲ್ಲಿ ಪಾಸ್ ಒತ್ತಿ, ಆ ಮಾತು ನಡೆದರೆ ಮಾರನೇ ದಿನ ಏನಾಗುತ್ತದೆ ಎಂದು ಬರೆದಿಡಿ. 12ನೇ ಕಂತು ಶುರು ಮಾಡುವ ಮೊದಲು ಆ ಪುಟವನ್ನು ಒಮ್ಮೆ ತೆಗೆದು ಓದಿಕೊಳ್ಳಿ.